ನಾಲ್ಕು ಉಬ್ಬಿನ ನಟ್ ಎರಡೇ ಮೂಲೆಯಲ್ಲಿ ಏಕೆ ಹಿಡಿಯುತ್ತದೆ?

ಪ್ರಶ್ನೆ: ನಮ್ಮದು ತಗಡಿನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪ್. ತಗಡುಗಳನ್ನು ಎರಡು ತಾಮ್ರದ ತುದಿಗಳ ನಡುವೆ ಒತ್ತಿ, ಕರೆಂಟ್ ಹರಿಸಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಯಂತ್ರವೊಂದಿದೆ, ಕಾಲಿನಿಂದ ತುಳಿದು ನಡೆಸುವಂಥದ್ದು. ಈಗ 1.5 ಮಿ.ಮೀ. ದಪ್ಪದ ಉಕ್ಕಿನ ತಗಡಿಗೆ ಎಂ8 ಅಳತೆಯ ಚೌಕ ನಟ್‌ಗಳನ್ನು ಬೆಸೆಯುವ ಕೆಲಸ ಬಂದಿದೆ. ನಟ್‌ನ ನಾಲ್ಕು ಮೂಲೆಗಳಲ್ಲೂ ಸಣ್ಣ ಉಬ್ಬುಗಳಿವೆ. ಚಪ್ಪಟೆಯಾದ ತಾಮ್ರದ ತುದಿ ಹಾಕಿ ಬೆಸೆದರೆ ಎರಡು ಮೂಲೆಗಳು ಹಿಡಿಯುತ್ತವೆ, ಇನ್ನೆರಡು ಬಿಟ್ಟುಕೊಳ್ಳುತ್ತವೆ. ಕರೆಂಟ್ ಹೆಚ್ಚಿಸಿದರೆ ಕಿಡಿ ಸಿಡಿದು ಥ್ರೆಡ್‌ನೊಳಗೆ ಕೂರುತ್ತದೆ. ಉಬ್ಬುಗಳ ಮೂಲಕ ಬೆಸೆಯುವ ಈ ಪ್ರೊಜೆಕ್ಷನ್ ವೆಲ್ಡಿಂಗ್ ನಿಜಕ್ಕೂ ಹೇಗೆ ನಡೆಯುತ್ತದೆ, ಎಲ್ಲೆಲ್ಲಿ ಬಳಸುತ್ತಾರೆ, ನಮ್ಮ ಯಂತ್ರದಲ್ಲೇ ಇದು ಸಾಧ್ಯವೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ಯಂತ್ರದಲ್ಲಿ ಈ ಕೆಲಸ ನಂಬಿಕೆಗೆ ತಕ್ಕಂತೆ ಆಗುವುದಿಲ್ಲ. ಹತ್ತರಲ್ಲಿ ಆರು ನಟ್‌ಗಳು ಚೆನ್ನಾಗಿಯೇ ಕೂರಬಹುದು. ಉಳಿದ ನಾಲ್ಕು ಯಾವುವು ಎಂದು ಕಣ್ಣಿನಿಂದ ನೋಡಿ ಹೇಳಲಾಗದು ಎಂಬುದೇ ತೊಂದರೆ. ಕರೆಂಟಿನ ತಿರುಗುಗುಂಡಿಯನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ದೋಷ ಕರೆಂಟಿನಲ್ಲಿಲ್ಲ. ಪ್ರೊಜೆಕ್ಷನ್ ವೆಲ್ಡಿಂಗ್‌ಗೆ ಸಂಬಂಧಿಸಿ ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ವಿದ್ಯುತ್ತಿನ ದೂರುಗಳಂತೆ ಕಾಣುತ್ತವೆ; ಬಗೆದು ನೋಡಿದರೆ ಒತ್ತುವ ವಿಷಯದಲ್ಲಿ ಆದ ತಪ್ಪುಗಳಾಗಿರುತ್ತವೆ.

ಮೊದಲಿಗೆ ಬಿಸಿಯ ಲೆಕ್ಕ. ಲೋಹದಲ್ಲಿ ಕರೆಂಟ್ ಹರಿದಾಗ ಹುಟ್ಟುವ ಶಾಖವು ಕರೆಂಟಿನ ವರ್ಗ, ರೋಧ ಮತ್ತು ಕಾಲ ಈ ಮೂರರ ಗುಣಲಬ್ಧ. ಭೌತವಿಜ್ಞಾನಿ ಜೂಲ್ 1840ರ ದಶಕದ ಆರಂಭದಲ್ಲೇ ಕಂಡುಕೊಂಡ ನಿಯಮವಿದು. ಇದನ್ನು ಬೆಸುಗೆಗೆ ತಿರುಗಿಸಿಕೊಂಡವರು ಎಲಿಹು ಥಾಮ್ಸನ್. 1886ರಲ್ಲಿ ಅಮೆರಿಕದಲ್ಲಿ ಅವರಿಗೆ ವಿದ್ಯುತ್ ಬೆಸುಗೆಯ ಪೇಟೆಂಟ್ ಸಿಕ್ಕಿತು. ಒಂದು ಉದಾಹರಣೆ ತೆಗೆದುಕೊಳ್ಳಿ. ಎರಡು ತಗಡುಗಳ ನಡುವೆ ಸುಮಾರು 100 ಮೈಕ್ರೋ ಓಮ್ ರೋಧವಿದೆ, ಅದರಲ್ಲಿ 10,000 ಆಂಪಿಯರ್ ಕರೆಂಟ್ 0.2 ಸೆಕೆಂಡ್ ಹರಿಯಿತು ಎನ್ನೋಣ. ಹುಟ್ಟುವ ಶಾಖ 2000 ಜೂಲ್. ಒಂದು ಗ್ರಾಂ ಉಕ್ಕನ್ನು ಕೋಣೆಯ ಉಷ್ಣತೆಯಿಂದ ಕರಗುವ ಹಂತಕ್ಕೆ ತಂದು ಕರಗಿಸಲು ಸುಮಾರು 1300 ಜೂಲ್ ಬೇಕು. ಹಾಗಾದರೆ ಈ ಶಾಖ ದೊಡ್ಡದೇನಲ್ಲ. ಆದರೆ ಅದು ಬೀಳುವ ಜಾಗ ತೀರಾ ಚಿಕ್ಕದು, ಸಿಗುವ ಕಾಲ ಇನ್ನೂ ಚಿಕ್ಕದು. ಈ ಲೆಕ್ಕದಲ್ಲಿ ಬೆಸುಗೆಯ ಜಾಗದಲ್ಲಿರುವ ವೋಲ್ಟೇಜ್ ಬರೀ ಒಂದು ವೋಲ್ಟ್ ಎಂಬುದನ್ನೂ ಗಮನಿಸಿ. ಸಾವಿರಾರು ಆಂಪಿಯರ್ ಹರಿಯುವ ತಾಮ್ರದ ತೋಳನ್ನು ಕೆಲಸಗಾರ ಮುಟ್ಟಿದರೂ ಶಾಕ್ ಹೊಡೆಯದಿರುವುದು ಇದರಿಂದಲೇ.

ಇನ್ನು ಸ್ಪಾಟ್‌ಗೂ ಪ್ರೊಜೆಕ್ಷನ್‌ಗೂ ಇರುವ ವ್ಯತ್ಯಾಸ. ಸ್ಪಾಟ್ ವೆಲ್ಡಿಂಗ್‌ನಲ್ಲಿ ಬೆಸುಗೆ ಎಲ್ಲಿ ಬೀಳಬೇಕು, ಎಷ್ಟು ಅಗಲವಾಗಬೇಕು ಎಂದು ತೀರ್ಮಾನಿಸುವುದು ತಾಮ್ರದ ತುದಿ. ತುದಿ ಐದಾರು ಮಿ.ಮೀ. ಅಗಲವಿದ್ದರೆ ಕರೆಂಟ್ ಅಷ್ಟರೊಳಗೆ ಹಾದುಹೋಗುತ್ತದೆ. ತುದಿ ಸವೆದು ಅಗಲವಾದರೆ ಕರೆಂಟ್ ಹರಡುತ್ತದೆ, ಬೆಸುಗೆ ಸೊರಗುತ್ತದೆ. ಪ್ರೊಜೆಕ್ಷನ್ ವೆಲ್ಡಿಂಗ್‌ನಲ್ಲಿ ಆ ಅಧಿಕಾರವನ್ನು ತುದಿಯಿಂದ ಕಿತ್ತು ಬೆಸೆಯಬೇಕಾದ ವಸ್ತುವಿಗೇ ಕೊಟ್ಟಿದ್ದಾರೆ. ತಗಡಿನಲ್ಲಿ ಗುದ್ದಿ ಎಬ್ಬಿಸಿದ ಗುಳ್ಳೆ, ನಟ್‌ನ ಮೂಲೆಯಲ್ಲಿ ಬಿಟ್ಟ ಮೊನೆ, ಲೇತ್‌ನಲ್ಲಿ ಕಡೆದ ಉಂಗುರದಂಥ ಅಂಚು, ಎರಡು ಕಂಬಿಗಳು ಅಡ್ಡಡ್ಡ ಕೂಡುವ ಬಿಂದು, ಹೀಗೆ ಆ ಉಬ್ಬು ಯಾವ ರೂಪದಲ್ಲಾದರೂ ಇರಬಹುದು. ಅಗಲವಾದ ಚಪ್ಪಟೆ ತಾಮ್ರದಿಂದ ಬರುವ ಕರೆಂಟೆಲ್ಲ ಈ ಸಣ್ಣ ಸೇತುವೆಯ ಮೇಲೆಯೇ ದಾಟಬೇಕು. ಬಲವೂ ಅಲ್ಲೇ ಬೀಳುತ್ತದೆ. ಹಾಗಾಗಿ ಬಿಸಿಯೂ ಅಲ್ಲೇ.

ಇದರಿಂದ ತಾಮ್ರಕ್ಕೆ ಸಿಗುವ ಆರಾಮ ಸಣ್ಣದಲ್ಲ. ಸ್ಪಾಟ್ ತುದಿ ಪ್ರತಿ ಹೊಡೆತಕ್ಕೂ ಕಾದು, ಅಣಬೆಯಂತೆ ಅರಳಿ, ಸತು ಲೇಪದ ತಗಡಾದರೆ ಸತುವನ್ನೂ ಹೀರಿಕೊಂಡು ಬೇಗ ಹಾಳಾಗುತ್ತದೆ. ಪ್ರೊಜೆಕ್ಷನ್‌ನ ಅಗಲ ಮುಖದಲ್ಲಿ ಕರೆಂಟ್ ಚದರ ಮಿಲಿಮೀಟರ್‌ಗೆ ಎಷ್ಟೋ ಕಡಿಮೆ, ಹೀಗಾಗಿ ಅದು ಹೆಚ್ಚು ಕಾಲ ಬಾಳುತ್ತದೆ. ತಾಮ್ರದ ಜೊತೆ ಕ್ರೋಮಿಯಂ ಮತ್ತು ಜಿರ್ಕೋನಿಯಂ ಬೆರೆತ ಮಿಶ್ರಲೋಹ ಬಹುತೇಕ ಕೆಲಸಗಳಿಗೆ ಸಾಕು. ನಟ್‌ನ ಗಟ್ಟಿ ಅಂಚು ತಾಮ್ರದಲ್ಲಿ ಹಳ್ಳ ಬೀಳಿಸುವಲ್ಲಿ ಟಂಗ್‌ಸ್ಟನ್ ಬೆರೆತ ತಾಮ್ರದ ಬಿಲ್ಲೆಯನ್ನು ಮುಖಕ್ಕೆ ಕೂರಿಸುತ್ತಾರೆ. ಇನ್ನೊಂದು ಲಾಭವೂ ಇದೆ. ಸ್ಪಾಟ್‌ನಲ್ಲಿ ಒಂದು ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಹಾಕಿದರೆ ಕರೆಂಟಿನ ಒಂದು ಪಾಲು ಹಳೆಯ ಬೆಸುಗೆಯ ಮೂಲಕ ನುಸುಳಿಹೋಗುತ್ತದೆ. ಉಬ್ಬುಗಳೆಲ್ಲ ಒಂದೇ ಹೊಡೆತಕ್ಕೆ ಬೆಸೆಯುವುದರಿಂದ ಆ ಸೋರಿಕೆಯ ಮಾತೇ ಇಲ್ಲ. ಅವುಗಳನ್ನು ಹತ್ತಿರ ಹತ್ತಿರ ಇಡಬಹುದು.

ಈಗ ಆ ಸೆಕೆಂಡಿನ ಚೂರಿನಲ್ಲಿ ಏನಾಗುತ್ತದೆ ನೋಡೋಣ. ಪ್ರಕ್ರಿಯೆಯ ಮುಖ್ಯ ಗುಟ್ಟು ಇರುವುದು ಇಲ್ಲಿ.

ಮೊದಲು ಒತ್ತು ಮಾತ್ರ ಇರುತ್ತದೆ, ಕರೆಂಟ್ ಇಲ್ಲ. ಉಬ್ಬಿನ ತುದಿ ತಣ್ಣಗಿರುವಾಗಲೇ ತುಸು ಅಪ್ಪಚ್ಚಿಯಾಗಿ ಎದುರಿನ ತಗಡಿಗೆ ಅಂಟಿ ಕೂರುತ್ತದೆ. ಬಲ ಪೂರ್ತಿ ಏರುವ ಮುನ್ನವೇ ಕರೆಂಟ್ ಬಿಟ್ಟರೆ ಮೊದಲ ಕಿಡಿ ಅಲ್ಲಿಯೇ. ಬಲ ಅತಿಯಾದರೆ ಉಬ್ಬು ಕರೆಂಟ್ ಬರುವ ಮೊದಲೇ ಮಲಗಿಬಿಡುತ್ತದೆ, ಆಮೇಲೆ ಬಿಸಿಯನ್ನು ಒಂದೆಡೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಕರೆಂಟ್ ಹರಿಯತೊಡಗಿದ ಕೂಡಲೇ ಉಬ್ಬಿನ ತುದಿ ಕಾಯುತ್ತದೆ. ಕಾದಂತೆ ಉಕ್ಕಿನ ರೋಧ ಏರುತ್ತದೆ, ಆ ರೋಧ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಜೊತೆಗೆ ಉಕ್ಕಿನ ಗಡಸುತನ ಕರಗುತ್ತಾ ಹೋಗುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ಒಂದು ಆವರ್ತ 20 ಮಿಲಿಸೆಕೆಂಡ್. ಮೊದಲ ಕೆಲವೇ ಆವರ್ತಗಳಲ್ಲಿ ಉಬ್ಬು ಮೆತ್ತಗಾಗಿ ಕುಸಿಯುತ್ತದೆ.

ಕುಸಿದ ಆ ಗಳಿಗೆಯಲ್ಲಿ ಮೇಲಿನ ತಾಮ್ರ ಉಬ್ಬಿನ ಬೆನ್ನು ಬಿಡದೆ ಕೆಳಗಿಳಿಯಬೇಕು. ಸ್ಪಾಟ್ ವೆಲ್ಡಿಂಗ್‌ನಲ್ಲಿ ತುದಿಗಳು ಹೆಚ್ಚೆಂದರೆ ಮಿಲಿಮೀಟರ್‌ನ ಒಂದೆರಡು ಹತ್ತಂಶದಷ್ಟು ಅಲುಗುತ್ತವೆ. ಇಲ್ಲಿ ಮುಕ್ಕಾಲು ಮಿ.ಮೀ., ಕೆಲವೊಮ್ಮೆ ಒಂದು ಮಿ.ಮೀ. ಕೂಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಳಿಯಬೇಕು. ಇಳಿಯುವ ಭಾಗ ಭಾರವಾಗಿದ್ದರೆ ಅಥವಾ ಜಾರುಹಳಿಯಲ್ಲಿ ಬಿಗಿಯಾಗಿದ್ದರೆ ಅದು ಹಿಂದೆ ಬೀಳುತ್ತದೆ. ಕರಗುತ್ತಿರುವ ಲೋಹದ ಮೇಲೆ ಒತ್ತು ತಪ್ಪುತ್ತದೆ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತದೆ. ಲೋಹ ಸಿಡಿಯುತ್ತದೆ. ನಿಮ್ಮ ಥ್ರೆಡ್‌ಗಳಲ್ಲಿ ಕೂರುತ್ತಿರುವ ಕಿಡಿಗಳ ಜನ್ಮಸ್ಥಾನ ಬಹುಪಾಲು ಇದೇ. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ತಡವಾಗಿ ಬಿದ್ದ ಪೆಟ್ಟು ಎಷ್ಟೇ ಬಲವಾಗಿದ್ದರೂ ಉಪಯೋಗವಿಲ್ಲ. ಇದಕ್ಕಾಗಿ ಒಳ್ಳೆಯ ಪ್ರೊಜೆಕ್ಷನ್ ಯಂತ್ರಗಳಲ್ಲಿ ಇಳಿಯುವ ತಲೆಯನ್ನು ಹಗುರವಾಗಿ ಮಾಡಿ, ಅದರ ಬೆನ್ನಿಗೆ ಬಿಗಿಯಾದ ಸ್ಪ್ರಿಂಗ್‌ಗಳನ್ನು ಇಟ್ಟಿರುತ್ತಾರೆ. ಗಾಳಿಯ ಸಿಲಿಂಡರ್ ಒಂದೇ ಈ ವೇಗಕ್ಕೆ ಸ್ಪಂದಿಸಲಾರದು.

ಉಬ್ಬು ಮಲಗಿದ ಮೇಲೆ ಎರಡು ದಾರಿಗಳಿವೆ. ಗುದ್ದಿ ಎಬ್ಬಿಸಿದ ಗುಳ್ಳೆಯಾದರೆ ಎರಡು ತಗಡುಗಳು ಕೂಡಿದಲ್ಲಿ ಲೋಹ ಕರಗಿ, ಸ್ಪಾಟ್ ವೆಲ್ಡಿಂಗ್‌ನಲ್ಲಿ ಇರುವಂಥದೇ ಮಸೂರದಾಕಾರದ ಗಟ್ಟಿ ಬೆಸುಗೆ ಬೆಳೆಯುತ್ತದೆ. ನಟ್ ಅಥವಾ ಉಂಗುರದ ಅಂಚಿನಲ್ಲಿ ಅನೇಕ ಬಾರಿ ಹೇಳಿಕೊಳ್ಳುವಷ್ಟು ಕರಗುವಿಕೆಯೇ ಇರುವುದಿಲ್ಲ. ಮೇಲ್ಮೈಯ ಕೊಳೆ ಮತ್ತು ಆಕ್ಸೈಡ್ ಪದರ ಪಕ್ಕಕ್ಕೆ ತಳ್ಳಲ್ಪಟ್ಟು, ಹೊಸ ಲೋಹಕ್ಕೆ ಹೊಸ ಲೋಹ ತಾಗಿ, ಘನರೂಪದಲ್ಲೇ ಒಂದಾಗುತ್ತವೆ. ಕುಲುಮೆಯ ಬೆಸುಗೆಯ ಹಾಗೆ. ಕತ್ತರಿಸಿ ನೋಡಿ ಕರಗಿದ ಗುರುತಿಲ್ಲವೆಂದು ಒಳ್ಳೆಯ ನಟ್‌ಗಳನ್ನು ತಿರಸ್ಕರಿಸಿದ ಪರೀಕ್ಷಕರನ್ನು ನಾನು ಕಂಡಿದ್ದೇನೆ. ಕರೆಂಟ್ ನಿಂತ ಮೇಲೂ ಕೆಲವು ಆವರ್ತಗಳ ಕಾಲ ಒತ್ತು ಹಾಗೇ ಇರಬೇಕು, ಲೋಹ ಗಟ್ಟಿಯಾಗುವವರೆಗೆ. ಅಷ್ಟೇ.

ನಿಮ್ಮ ಎರಡು ಮೂಲೆಗಳ ಸಮಸ್ಯೆಗೆ ಬರುತ್ತೇನೆ. ಯಾವ ಎರಡು ಎಂದು ನೀವು ಬರೆದಿಲ್ಲ, ಉತ್ತರ ಇರುವುದು ಅದರಲ್ಲಿಯೇ. ಹಿಡಿದ ಮೂಲೆಗಳು ಕರ್ಣದಲ್ಲಿ ಎದುರುಬದುರಾಗಿದ್ದರೆ ನಟ್‌ನ ಉಬ್ಬುಗಳ ಎತ್ತರ ಒಂದೇ ಸಮ ಇಲ್ಲ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಅದು ಕರ್ಣದ ಮೇಲೆ ಓಲಾಡುವುದಿಲ್ಲವೇ, ಹಾಗೆಯೇ. ಕರೆಂಟ್ ತಾಗಿದ ಉಬ್ಬುಗಳಿಗೆ ಮಾತ್ರ ಹರಿಯುತ್ತದೆ, ನಾಲ್ವರ ಊಟ ಇಬ್ಬರಿಗೆ ಬಡಿಸಿದಂತೆ; ಅವು ಅತಿಯಾಗಿ ಕಾದು ಸಿಡಿಯುತ್ತವೆ, ಉಳಿದವು ಉಪವಾಸ ಬೀಳುತ್ತವೆ. ನೀವು ಕರೆಂಟ್ ಹೆಚ್ಚಿಸಿದಾಗ ಹೊಟ್ಟೆ ತುಂಬಿದವರ ಎಲೆಗೇ ಇನ್ನಷ್ಟು ಹಾಕಿದಿರಿ. ಬದಲಾಗಿ, ಹಿಡಿದ ಎರಡೂ ಮೂಲೆಗಳು ಒಂದೇ ಬದಿಯಲ್ಲಿದ್ದರೆ ದೋಷ ನಟ್‌ನದ್ದಲ್ಲ, ತಾಮ್ರದ ಮುಖ ಓರೆಯಾಗಿದೆ.

ನಿಮ್ಮ ಯಂತ್ರದಲ್ಲಿ ಇದು ಎರಡನೆಯದೇ ಇರಬೇಕು ಎಂಬುದು ನನ್ನ ಅನುಮಾನ. ಕಾಲಿನಿಂದ ತುಳಿಯುವ ಯಂತ್ರದ ಮೇಲಿನ ತೋಳು ಒಂದು ಕೀಲಿನ ಸುತ್ತ ತಿರುಗುತ್ತದೆ; ಅದರ ತುದಿ ನೇರವಾಗಿ ಇಳಿಯದೆ ಕಮಾನಿನಲ್ಲಿ ಇಳಿಯುತ್ತದೆ. ಸ್ಪಾಟ್‌ನ ಮೊನಚು ತುದಿಗೆ ಇದರಿಂದ ಹಾನಿಯಿಲ್ಲ. ಅಗಲವಾದ ಚಪ್ಪಟೆ ಮುಖಕ್ಕೆ ಇದು ಮಾರಕ, ಏಕೆಂದರೆ ಎರಡು ಮುಖಗಳು ತೋಳಿನ ಒಂದೇ ಒಂದು ಸ್ಥಾನದಲ್ಲಿ ಮಾತ್ರ ಸಮಾನಾಂತರವಾಗಿರುತ್ತವೆ. ಉಬ್ಬು ಕುಸಿಯುವಾಗ ಆ ಸ್ಥಾನ ತಪ್ಪುತ್ತದೆ, ಜೊತೆಗೆ ಮುಖ ಸ್ವಲ್ಪ ಪಕ್ಕಕ್ಕೂ ಜಾರುತ್ತದೆ. ಉದ್ದನೆಯ ತೋಳುಗಳು ಒತ್ತಿಗೆ ಬಾಗಿ ಬಾಯಿ ಬಿಡುವುದು ಬೇರೆ. ಪ್ರೊಜೆಕ್ಷನ್ ವೆಲ್ಡಿಂಗ್‌ಗೆ ತಲೆ ನೇರ ಹಳಿಯಲ್ಲಿ ಇಳಿಯುವ, ಪ್ರೆಸ್ ಮಾದರಿಯ ಗಟ್ಟಿ ಚೌಕಟ್ಟು ಬೇಕು ಎನ್ನುವುದು ಈ ಕಾರಣಕ್ಕೆ.

ಬಲವೂ ಸಾಲದು. ಒಂದು ಎಂ8 ನಟ್‌ಗೆ ಸಾಧಾರಣವಾಗಿ 4ರಿಂದ 5 ಕಿಲೋ ನ್ಯೂಟನ್ ಬಲ, 15ರಿಂದ 20 ಕಿಲೋ ಆಂಪಿಯರ್ ಕರೆಂಟ್, ಆರರಿಂದ ಹತ್ತು ಆವರ್ತಗಳ ಕಾಲ ಎಂದು ಹಿಡಿದು ಪ್ರಯೋಗ ಶುರು ಮಾಡುತ್ತಾರೆ. ಇವು ಆರಂಭದ ಅಂಕಿಗಳು ಮಾತ್ರ. ನಟ್‌ನ ಉಬ್ಬಿನ ಆಕಾರ ಮತ್ತು ತಗಡಿನ ಲೇಪ ನೋಡಿ ಬದಲಾಗುತ್ತವೆ. ತುಳಿಯುವ ಯಂತ್ರದ ಸ್ಪ್ರಿಂಗ್ ಸಾಮಾನ್ಯವಾಗಿ ಇಷ್ಟು ಬಲ ಕೊಡುವುದಿಲ್ಲ. ಕಡಿಮೆ ಬಲದ ಕೊರತೆಯನ್ನು ಹೆಚ್ಚು ಸಮಯ ಕೊಟ್ಟು ತುಂಬಲು ಎಲ್ಲರೂ ಹೋಗುತ್ತಾರೆ, ಅದು ತಪ್ಪು. ಕಾಲ ಉದ್ದವಾದಷ್ಟೂ ಬಿಸಿ ಉಬ್ಬಿನಿಂದ ನಟ್‌ನ ಮೈಗೆ ಹರಿದು ಥ್ರೆಡ್ ಸೊಟ್ಟಗಾಗುತ್ತದೆ. ನಟ್ ಬೆಸುಗೆಗೆ ಹೆಚ್ಚು ಕರೆಂಟ್, ಕಡಿಮೆ ಕಾಲವೇ ಸರಿ. ಆದರೆ ಅದಕ್ಕೆ ತಕ್ಕ ಬಲ ಹಿಂದಿರಬೇಕು.

ನಟ್ ಆಯ್ಕೆಯಲ್ಲೂ ಒಂದು ಮಾತು. ನೀವು ಬಳಸುತ್ತಿರುವುದು ಜರ್ಮನ್ ಮಾನಕವಾದ ಡಿಐಎನ್‌ನ 928 ಮಾದರಿಯ ಚೌಕ ನಟ್ ಇರಬೇಕು. ಡಿಐಎನ್ 929 ಮಾದರಿಯ ಷಡ್ಭುಜ ನಟ್‌ಗೆ ಮೂರೇ ಉಬ್ಬುಗಳು. ಮೂರು ಕಾಲಿನ ಪೀಠ ಯಾವ ನೆಲದ ಮೇಲಾದರೂ ಅಲುಗದೆ ನಿಲ್ಲುತ್ತದೆ, ಮೂರೂ ಉಬ್ಬುಗಳು ತಗಡಿಗೆ ತಾಗಿಯೇ ತೀರುತ್ತವೆ. ಅದರ ಅಡಿಯಲ್ಲಿರುವ ದುಂಡನೆಯ ಕಂಠ ತಗಡಿನ ರಂಧ್ರದಲ್ಲಿ ಕೂತು ನಟ್ ಅನ್ನು ನಡುವಿಗೆ ತರುತ್ತದೆ, ಸಿಡಿದ ಕಿಡಿಗೂ ಥ್ರೆಡ್‌ಗೂ ನಡುವೆ ಗೋಡೆಯಾಗಿಯೂ ನಿಲ್ಲುತ್ತದೆ. ಗಿರಾಕಿ ಒಪ್ಪುವುದಾದರೆ ನಾನು ಅದಕ್ಕೇ ಬದಲಾಯಿಸುತ್ತೇನೆ. ಕೆಳಗಿನ ತಾಮ್ರದಲ್ಲಿ ನಟ್ ಕೂರಿಸುವ ಪಿನ್ ವಿದ್ಯುತ್ ಹರಿಯದಂಥದ್ದಾಗಿರಬೇಕು. ಸೆರಾಮಿಕ್ ಅಥವಾ ಮೇಲ್ಮೈಗೆ ನಿರೋಧಕ ಪದರ ಬೆಳೆಸಿದ ಉಕ್ಕಿನ ಪಿನ್ ಆಗಬಹುದು. ಬರೀ ಉಕ್ಕಿನ ಪಿನ್ ಹಾಕಿದರೆ ಕರೆಂಟ್ ಥ್ರೆಡ್‌ನ ಮೂಲಕವೇ ಅಡ್ಡದಾರಿ ಹಿಡಿಯುತ್ತದೆ.

ನಟ್ ಬಿಟ್ಟು ತಗಡಿನಲ್ಲೇ ಉಬ್ಬು ಗುದ್ದುವ ಕೆಲಸ ಮುಂದೆ ಬಂದರೆ ನೆನಪಿಗಿರಲಿ: ಉಬ್ಬಿನ ವ್ಯಾಸ ತಗಡಿನ ದಪ್ಪದ ಎರಡರಷ್ಟಕ್ಕೆ 0.7 ಮಿ.ಮೀ. ಕೂಡಿಸಿದಷ್ಟು, ಎತ್ತರ ದಪ್ಪದ 0.4ರಷ್ಟಕ್ಕೆ 0.25 ಮಿ.ಮೀ. ಕೂಡಿಸಿದಷ್ಟು ಎಂಬುದು ಬಳಕೆಯಲ್ಲಿರುವ ಒರಟು ಲೆಕ್ಕ. 1 ಮಿ.ಮೀ. ತಗಡಿಗೆ ವ್ಯಾಸ 2.7, ಎತ್ತರ 0.65 ಮಿ.ಮೀ. ಬರುತ್ತದೆ. ಒಂದೇ ಹೊಡೆತಕ್ಕೆ ಹಲವು ಉಬ್ಬುಗಳಿದ್ದರೆ ಅವುಗಳ ಎತ್ತರದ ವ್ಯತ್ಯಾಸ 0.05 ಮಿ.ಮೀ. ಆಸುಪಾಸಿನಲ್ಲಿಯೇ ಇರಬೇಕು. ಎರಡು ತಗಡುಗಳ ದಪ್ಪ ಬೇರೆ ಬೇರೆಯಾದರೆ ಉಬ್ಬನ್ನು ದಪ್ಪದ್ದರಲ್ಲಿ ಎಬ್ಬಿಸಿ, ಲೋಹಗಳೇ ಬೇರೆಯಾದರೆ ವಿದ್ಯುತ್ತನ್ನು ಹೆಚ್ಚು ಸಲೀಸಾಗಿ ಹರಿಯಬಿಡುವ ಲೋಹದಲ್ಲಿ ಎಬ್ಬಿಸಿ. ಬೇಗ ತಣಿಯುವ ಕಡೆಗೆ ಬಿಸಿಯ ಗೂಡು ಇರಬೇಕು, ಇಲ್ಲವಾದರೆ ತೆಳುವಾದ ಕಡೆ ಮೊದಲು ಸುಟ್ಟುಹೋಗುತ್ತದೆ.

ಇದರ ಬಳಕೆ ಎಲ್ಲೆಲ್ಲಿ ಎಂದು ಕೇಳಿದ್ದೀರಿ. ಪಟ್ಟಿ ಉದ್ದವಿದೆ. ಕಾರಿನ ಮೈಯಲ್ಲಿ ಒಂದು ಬದಿಯಿಂದ ಮಾತ್ರ ಕೈ ಹೋಗುವ ಕಡೆಗಳಲ್ಲೆಲ್ಲ, ಸೀಟು, ಬಾಗಿಲಿನ ಕೀಲು, ಸೀಟುಪಟ್ಟಿ ಬಿಗಿಯುವ ಜಾಗಗಳಲ್ಲಿ ಇಂಥ ನಟ್ ಮತ್ತು ಬೋಲ್ಟ್‌ಗಳಿರುತ್ತವೆ. ಜಾಲರಿಗಳನ್ನು ನೋಡಿ: ಫ್ಯಾನಿನ ಮುಂದಿನ ಕಂಬಿಗೂಡು, ಫ್ರಿಜ್‌ನೊಳಗಿನ ತಂತಿಯ ಹಲಗೆ, ಅಂಗಡಿಯ ತಳ್ಳುಬುಟ್ಟಿ, ಕಾಂಕ್ರೀಟ್‌ಗೆ ಹಾಕುವ ಉಕ್ಕಿನ ಬಲೆ. ದುಂಡು ಕಂಬಿಯ ಮೇಲೆ ದುಂಡು ಕಂಬಿ ಅಡ್ಡ ಬಿದ್ದಾಗ ತಾಗುವುದು ಒಂದೇ ಬಿಂದು, ಹಾಗಾಗಿ ಅಲ್ಲಿ ಉಬ್ಬನ್ನು ಯಾರೂ ಮಾಡಬೇಕಿಲ್ಲ, ತಾನಾಗಿಯೇ ಇದೆ. ಈ ಪ್ರಕ್ರಿಯೆಯ ಅತ್ಯಂತ ಸರಳ, ನನ್ನ ಕಣ್ಣಿಗೆ ಅತ್ಯಂತ ಚೆಲುವಾದ ರೂಪವಿದು. ಒಂದು ಕಂಬಿ ಇನ್ನೊಂದರೊಳಗೆ ಎಷ್ಟು ಇಳಿದಿದೆ ಎಂದು ಅಳೆದರೆ ಬೆಸುಗೆಯ ಗುಣ ಬಹುಮಟ್ಟಿಗೆ ತಿಳಿಯುತ್ತದೆ.

ನನಗೆ ಹೆಚ್ಚು ಆಸಕ್ತಿಯ ಬಗೆ ಉಂಗುರದ ಉಬ್ಬು. ಒಂದು ಬಟ್ಟಲಿನ ಅಂಚಿನಲ್ಲಿ ಸುತ್ತಲೂ ಹರಿತವಾದ ಏಣು ಬಿಟ್ಟು, ಅದನ್ನು ತಳದ ಬಿಲ್ಲೆಗೆ ಒತ್ತಿ, ಒಂದೇ ಹೊಡೆತಕ್ಕೆ ಇಡೀ ಸುತ್ತನ್ನು ಬೆಸೆಯುತ್ತಾರೆ. ಗಾಳಿಯಾಡದ ಮುಚ್ಚಳ ಸಿದ್ಧ. ಲೋಹದ ಟೊಪ್ಪಿಗೆಯ ಟ್ರಾನ್ಸಿಸ್ಟರ್‌ಗಳು, ಲೇಸರ್ ಡಯೋಡ್‌ಗಳು, ಕ್ವಾರ್ಟ್ಸ್ ಹರಳಿನ ಡಬ್ಬಿಗಳು ಹೀಗೆ ಮುಚ್ಚಲ್ಪಡುತ್ತವೆ. ಒಳಗೆ ತೇವ ಉಳಿಯಬಾರದೆಂದು ಒಣ ಸಾರಜನಕದ ಪೆಟ್ಟಿಗೆಯೊಳಗೆ ಬೆಸೆಯುವುದುಂಟು. ಫ್ರಿಜ್‌ನ ಕಂಪ್ರೆಸರ್ ಗುಡಾಣಕ್ಕೆ ವಿದ್ಯುತ್ ಒಯ್ಯುವ ಗಾಜು ಹುದುಗಿದ ಬಿಲ್ಲೆ, ಏರ್‌ಬ್ಯಾಗ್ ಉಬ್ಬಿಸುವ ಅನಿಲದ ಡಬ್ಬಿ, ನಿಷ್ಕಾಸ ಕೊಳವೆಯಲ್ಲಿ ಆಮ್ಲಜನಕ ಸಂವೇದಕ ಕೂರಿಸುವ ಥ್ರೆಡ್ ಇರುವ ಬುಡ ಇವುಗಳಿಗೂ ಇದೇ ದಾರಿ. ಇಂಥ ಕೆಲಸಕ್ಕೆ ಕೆಪಾಸಿಟರ್‌ಗಳಲ್ಲಿ ಶಕ್ತಿ ಕೂಡಿಟ್ಟು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಸುರಿಯುವ ಯಂತ್ರ ಹೇಳಿ ಮಾಡಿಸಿದಂಥದ್ದು. ಬಿಸಿ ಹರಡಲು ಸಮಯವೇ ಇಲ್ಲದ ಕಾರಣ ಏಣಿನಿಂದ ಸ್ವಲ್ಪ ದೂರದಲ್ಲಿರುವ ಗಾಜು, ರಬ್ಬರ್ ಸೀಲ್ ಕೂಡ ಬಚಾವಾಗುತ್ತವೆ. ಕಾರುಗಳ ಅತಿ ಗಟ್ಟಿ ಬೋರಾನ್ ಉಕ್ಕಿಗೆ ನಟ್ ಬೆಸೆಯಲು ಈಗ ಇದೇ ಯಂತ್ರಗಳತ್ತ ಒಲವು ಹೆಚ್ಚು. ಇನ್ನು ಸ್ವಿಚ್‌ಗಳಲ್ಲಿನ ಬೆಳ್ಳಿಯ ಬಿಂದುಗಳನ್ನು ಹಿತ್ತಾಳೆ ಪಟ್ಟಿಗೆ ಕೂರಿಸುವುದೂ ಇದರ ಒಂದು ಸಣ್ಣ ಶಾಖೆ.

ಆಗದ ಕೆಲಸಗಳೂ ಇವೆ. ಅಲ್ಯೂಮಿನಿಯಂ ತಗಡಿನಲ್ಲಿ ಎಬ್ಬಿಸಿದ ಉಬ್ಬು ಸಾಕಷ್ಟು ಕಾಯುವ ಮೊದಲೇ ಮೆತ್ತಗಾಗಿ ಮಲಗುತ್ತದೆ. ಶುದ್ಧ ತಾಮ್ರ ಬಿಸಿಯನ್ನು ನಿಲ್ಲಗೊಡುವುದೇ ಇಲ್ಲ. ಲೇತ್‌ನಲ್ಲಿ ಸಲೀಸಾಗಿ ಕಡೆಯಲೆಂದು ಗಂಧಕ ಬೆರೆಸಿದ ಉಕ್ಕಿನ ಬೋಲ್ಟ್‌ಗಳು ಬೆಸುಗೆಯಲ್ಲಿ ಸೀಳುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಅಂಥ ಉಕ್ಕು ತಂದು ಆಮೇಲೆ ಯಂತ್ರವನ್ನು ಬೈಯುವುದು ಈ ಕಸುಬಿನಲ್ಲಿ ಮಾಮೂಲಿ.

ಯಂತ್ರ ಬದಲಾಯಿಸುವ ತನಕ ಏನು ಮಾಡಲಿ ಎಂದು ಕೇಳುತ್ತೀರಿ. ಈ ಕೆಲಸವನ್ನು ಪ್ರೆಸ್ ಮಾದರಿಯ ಯಂತ್ರ ಇರುವವರ ಬಳಿ ಮಾಡಿಸಿ. ಮಾಡಿಸಿದ ಮೇಲೂ ಪ್ರತಿ ಪಾಳಿಯ ಆರಂಭದ ಒಂದೆರಡು ತುಂಡುಗಳನ್ನು ಬಲಿ ಕೊಡಬೇಕು: ನಟ್‌ಗೆ ಬೋಲ್ಟ್ ತಿರುಗಿಸಿ, ತಗಡನ್ನು ಟೊಳ್ಳು ಆಧಾರದ ಮೇಲಿಟ್ಟು, ನಟ್ ಕಳಚಿ ಬೀಳುವವರೆಗೆ ಬೋಲ್ಟ್‌ನ ತಲೆಯನ್ನು ಪ್ರೆಸ್‌ನಲ್ಲಿ ಒತ್ತಿ ಎಷ್ಟು ಬಲಕ್ಕೆ ಬಿಟ್ಟಿತು ಎಂದು ಬರೆದಿಡಿ. ನಾಲ್ಕೂ ಉಬ್ಬುಗಳು ತಗಡಿನಿಂದ ಲೋಹ ಕಿತ್ತುಕೊಂಡು ಬಂದಿರಬೇಕು. ನುಣುಪಾಗಿ ಬಿಟ್ಟುಕೊಂಡ ಮೂಲೆ ಬೆಸೆದೇ ಇರಲಿಲ್ಲ ಎಂದರ್ಥ.

ಅದಕ್ಕೂ ಮೊದಲು ನಿಮ್ಮಲ್ಲೇ ಇಂದೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕರೆಂಟನ್ನು ಪೂರ್ತಿ ಆರಿಸಿ. ತಗಡಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಮಸಿ ಬದಿ ಕೆಳಗಾಗಿ ಕಾರ್ಬನ್ ಕಾಗದ ಇಟ್ಟು, ನಟ್‌ನ ಉಬ್ಬುಗಳು ಅದರ ಮೇಲೆ ಕೂರುವಂತೆ ಮಾಡಿ ಬರೀ ಒತ್ತನ್ನು ಕೊಡಿ. ಅದೇ ನಟ್ ಅನ್ನು ಕಾಲು ಸುತ್ತು ತಿರುಗಿಸಿ ಹೊಸ ಕಾಗದದ ಮೇಲೆ ಇನ್ನೊಮ್ಮೆ ಒತ್ತಿ. ಮಸುಕಾದ ಗುರುತು ನಟ್‌ನ ಜೊತೆ ತಿರುಗಿದರೆ ನಟ್ ತಪ್ಪು. ಯಂತ್ರದ ಅದೇ ಬದಿಯಲ್ಲಿ ಉಳಿದರೆ ತೋಳು ತಪ್ಪು. ಎರಡೂ ಕಾಗದಗಳನ್ನು, ಯಾವ ಬದಿ ನಿಮ್ಮತ್ತ ಇತ್ತೆಂದು ಗುರುತು ಮಾಡಿ, ಇಟ್ಟುಕೊಂಡಿರಿ. ಹೊಸ ಯಂತ್ರ ಮಾರಲು ಬಂದವರ ಮುಂದೆಯೂ ಮೊದಲು ಇದೇ ಪರೀಕ್ಷೆ ಮಾಡಿಸಿ, ಆಮೇಲೆ ಆಂಪಿಯರ್‌ನ ಮಾತು ತೆಗೆಯಿರಿ.